ಕೊನೆಭಾಗದ ಹೊಲ, ಬಳ್ಳಾರಿಯ ನಲ್ಲಿ

ನಮ್ಮ ಹೊಲ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಹಂಗಂದ್ರೆ ಏನು ಅಂತ ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ನೆಲ್ಲಿಗೆ ನೀರು ಕಟ್ಟಿಕೊಂಡು ಉಳಿದರೆ ನಮಗೆ, ಅದೂ ಹೆಚ್ಚಾಗಿ ರಾತ್ರಿ ಹೊತ್ತು.

ಅಪ್ಪನ ಜೊತೆ ನಾನೂ ಹೋಗ್ತಿದ್ದೆ. ಬ್ಯಾಟರಿ ಹಿಡಿಯೋದು ನನ್ನ ಕೆಲಸ. ಅಪ್ಪ ಸಲಿಕೆಯಲ್ಲಿ ಕೆಸರೆತ್ತಿ ಒಂದು ಮಡಿಯ ಬಾಯಿ ಮುಚ್ಚಿ, ಪಕ್ಕದ್ದನ್ನು ಕಡಿದು ಬಿಡ್ತಿದ್ದ. ಸರದಿ ತಪ್ಪಿ ಒಣಗಿದ್ದ ಎರೆಯ ಬಿರುಕುಗಳಿಗೆ ನೀರು ಗುಳುಗುಳು ಇಳಿಯೋದು. ಬಿರುಕು ತುಂಬಿ ಆ ಸದ್ದು ನಿಂತ ಮೇಲೇ ನೀರು ಮುಂದಕ್ಕೆ ಹರಿಯೋದು. "ಆ ಕಡಿ ಒಡ್ಡು ಒಡದೈತೇನು ನೋಡ್ ಯವ್ವಾ" ಅಂತ ಕೂಗಿದರೆ ಓಡಿಹೋಗಿ ನೋಡಿ ಬರಬೇಕು. ನನ್ನ ಮಾತು ನಂಬಿಯೇ ಅಪ್ಪ ಮುಂದಿನ ಮಡಿಗೆ ಕೈ ಹಾಕ್ತಿದ್ದ.

ಹಳ್ಳಿಯ ಬಾಲ್ಯ ಅಂದ್ರೆ ಸ್ವರ್ಗ ಅನ್ನೋ ಮಾತು ನಾನು ಒಪ್ಪೋದಿಲ್ಲ. ಹತ್ತಿ ಬಿಡಿಸೋ ಕಾಲಕ್ಕೆ ಶಾಲೆ ಬಿಟ್ಟ ನನ್ನ ಗೆಳತಿಯರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಈಗ ನಾವಿರೋ ಬಳ್ಳಾರಿಯಲ್ಲಿ ನನ್ನ ಮಗಳಿಗೆ ಆ ಭಯವಿಲ್ಲ, ಅದು ದೊಡ್ಡ ಮಾತು. ಆದರೆ ಮನೆಯ ಚಿಂತೆಯಲ್ಲಿ ನನಗೊಂದು ಪಾಲಿತ್ತು. ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ಸೊಸೈಟಿ ಸಾಲ ಎಷ್ಟು ಉಳೀತು, ಎಲ್ಲಾ ಮಾತೂ ರೊಟ್ಟಿ ತಿನ್ನುವಾಗ ನಮ್ಮೆದುರೇ ನಡೀತಿತ್ತು. ಮಗಳಿಗೆ ಆ ಪಾಲು ಸಿಕ್ಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತಲ್ಲ, ಆಗ ಇದು ನನಗೆ ಬಹಳ ಕಾಡಿತು. ಫೋನಿನಲ್ಲಿ ಅಪ್ಪ, "ಡ್ಯಾಮ್ ಖಾಲಿ ಆದ್ರ ಹಚ್ಚಿದ ನೆಲ್ಲು ಏನ್ ಮಾಡೋದವ್ವಾ" ಅಂದ. ವಾರದ ಮೇಲೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ಅಡ್ಡಗಳನ್ನ ಇಳಿಸಿ ನೀರು ನಿಲ್ಲಿಸೋವರೆಗೂ ನನಗೆ ನಿದ್ದೆ ಸರಿಯಿಲ್ಲ. ಮಗಳು ಅದೇ ನೀರಿನ ವಿಡಿಯೋ ನೋಡಿ "ಎಷ್ಟು ಚೆಂದ ಐತಿ" ಅಂದಳು. ನಮ್ಮ ನಲ್ಲಿಗೆ ಬರೋದೂ ಅದೇ ಡ್ಯಾಮಿನ ನೀರು, ಕಾಲುವೆಯಲ್ಲಿ ಅಲ್ಲೀಪುರ ಕೆರೆಗೆ ಬಂದು ಅಲ್ಲಿಂದ ಮನೆಗೆ ಅಂತ ಅವಳನ್ನು ಕೂರಿಸಿಕೊಂಡು ಹೇಳಿದೆ. ತಾತನಿಗೆ ಅವಳೇ ಫೋನ್ ಹಚ್ಚಿದಳು.

ಈಗ ತಿಂಗಳ ಲೆಕ್ಕ ಅವಳೆದುರೇ ಬರೀತೀವಿ. ಕರೆಂಟ್ ಬಿಲ್ಲು ಓದಿ ಹೇಳೋದು ಅವಳ ಕೆಲಸ. ಕಾಲುವೆಗೆ ನೀರು ಬಿಟ್ಟರೇನು ಅಂತ ತಾತನನ್ನು ನನಗಿಂತ ಮೊದಲು ಅವಳೇ ಕೇಳ್ತಾಳೆ.