ಹತ್ತೊಂಬತ್ತು ಸಹಿಗಳು

ಈ ಸಲ ಗುರುವಂದನೆಗೆಂದು ಹುಬ್ಬಳ್ಳಿಗೆ ಹೋದಾಗ ನಮ್ಮ ಸಮಾಜ ಮಾಸ್ತರ ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಹೋಗಿ ಎರಡು ತಿಂಗಳಾಗಿತ್ತಂತೆ. ನನಗೆ ತಿಳಿದದ್ದೇ ಅಲ್ಲಿ.

ಪುಸ್ತಕದ ಪಾಠ ಒಂದೂ ನೆನಪಿಲ್ಲ. ನೆನಪಿರುವುದು ಅವರ ಬಗಲಲ್ಲಿ ನಾಲ್ಕು ಮಡಿಕೆಯಾಗಿರುತ್ತಿದ್ದ ಸಂಯುಕ್ತ ಕರ್ನಾಟಕ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್ಲು. ಗೆರೆ ಎಳೆದ ಸುದ್ದಿಯನ್ನು ನಮ್ಮಿಂದ ಓದಿಸಿಯೇ ಪಾಠ ಶುರು.

1989ರ ಜೂನ್, ನಾವು ಹತ್ತನೇ ಇಯತ್ತೆ. ಆ ಏಪ್ರಿಲ್ 21ಕ್ಕೆ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆಗಿತ್ತು. ನಮ್ಮ ಕಡೆಯವರು ಮುಖ್ಯಮಂತ್ರಿಯಾಗಿ ಎಂಟೇ ತಿಂಗಳು. ಸರ್ಕಾರಕ್ಕೆ ಬೆಂಬಲ ಇಲ್ಲವೆಂದು 19 ಶಾಸಕರ ಸಹಿ ಇದ್ದ ಪತ್ರಗಳು ರಾಜ್ಯಪಾಲರಿಗೆ ಹೋಗಿದ್ದವು. ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರೆಂದು ಅವರಲ್ಲೇ 7 ಮಂದಿ ಏಪ್ರಿಲ್ 20ಕ್ಕೆ ಹೇಳಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. ಮಾಸ್ತರು ಇದನ್ನು ಮೂರು ತಾಸು ಹೇಳಿದರು.

ನಾವು ಕಲಿತದ್ದು ಬೇರೆ. ಮಾತಾಡಿದವರ ಹೆಸರು ಬೋರ್ಡಿಗೆ ಬರೆಯುತ್ತಿದ್ದ ಮಾನಿಟರ್ ಬೇಡವೆಂದು ಹೆಡ್ ಮಾಸ್ತರಿಗೆ ಅರ್ಜಿ ಕೊಟ್ಟೆವು. ಸರಿಯಾಗಿ 19 ಸಹಿ. ಸಂಜೆಯೊಳಗೆ ಅವನನ್ನು ತೆಗೆದರು. ಮರುದಿನ ಸಮಾಜ ಮಾಸ್ತರು ಅರ್ಜಿ ಹಿಡಿದು ಬಂದರು. ಬೈಯಲಿಲ್ಲ.

"ಸಹಿ ಕಾಗದದಾಗ ಇರ್ಲಿ. ಮಂದಿ ಇಲ್ಲೇ ಅದಾರಲ್ಲ? ಅವನು ಬ್ಯಾಡ ಅನ್ನೋರು ಅವನ ಮಾರಿ ನೋಡಿ ಕೈ ಎತ್ರಿ."

ಐದು ಕೈ. ಮಾನಿಟರ್ ಮತ್ತೆ ತನ್ನ ಜಾಗಕ್ಕೆ ಹೋದ. ಅರ್ಜಿ ಮಾಸ್ತರ ಅಂಗಿ ಕಿಸೆಯಲ್ಲೇ ಉಳಿಯಿತು.

1994ರ ಮಾರ್ಚ್ 11ರಂದು ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಅದನ್ನೇ ಹೇಳಿತು: ಬಹುಮತದ ಪರೀಕ್ಷೆ ಸದನದೊಳಗೇ ಆಗಬೇಕು. ಲಾ ಕಾಲೇಜಿನಲ್ಲಿ ಆ ತೀರ್ಪನ್ನು ನಾನು ವಿವರಿಸಿದ್ದು ಕೇಳಿ ಪ್ರಾಂಶುಪಾಲರೇ ಬೆನ್ನು ತಟ್ಟಿದ್ದರು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಇಂದಿಗೂ ವಾದಕ್ಕೆ ನಿಂತಾಗ ಆ ಐದು ಕೈ ಕಣ್ಣಮುಂದೆ ಬರುತ್ತವೆ. ನನ್ನ ಮಗಳಿಗೆ ಇದೇ ತೀರ್ಪು ಒಂದು ಅಂಕದ ಪ್ರಶ್ನೆಯಾಗಿ ಬಂತು. ಇಸವಿ ಬರೆದಳು, ಅಂಕ ಬಂತು, ಮುಗಿಯಿತು. ಹೊಟ್ಟೆ ಉರಿಯುತ್ತದೆ.

2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ ಪ್ರಮಾಣವಚನ ತೆಗೆದುಕೊಂಡ ದಿನ ಮಾಸ್ತರ ಫೋನ್ ಬಂತು. ದೇವೇಗೌಡ–ಕುಮಾರಸ್ವಾಮಿ ಆದಮೇಲೆ ತಂದೆ-ಮಗ ಇಬ್ಬರೂ ಮುಖ್ಯಮಂತ್ರಿಯಾದದ್ದು ಈ ಮನೆಯಲ್ಲೇ ಎಂದು ನಾನು ಸಂಭ್ರಮಪಟ್ಟೆ. "ಅಪ್ಪನ ಹೆಸರು ಬಾಗಿಲತನಕ ಬರ್ತದ," ಎಂದರು. ಮಗ ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲೇ ಎಂಜಿನಿಯರಿಂಗ್ ಓದಿ ಪುಣೆಯಲ್ಲಿ ಟಾಟಾದವರ ಕೆಲಸ, ಆಮೇಲೆ ಎರಡು ಸಲ ವಿಧಾನ ಪರಿಷತ್ತು, 2008ರಿಂದ ಶಿಗ್ಗಾವಿಯ ಶಾಸಕ, ಜಲಸಂಪನ್ಮೂಲ, ಗೃಹ ಖಾತೆಗಳ ಮಂತ್ರಿ. ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ಆ ಮನೆಯ ಮೂರನೇ ತಲೆಮಾರು 2024ರ ಶಿಗ್ಗಾವಿ ಉಪಚುನಾವಣೆಯಲ್ಲಿ ಸೋತಾಗ ನನಗೆ ಆ ಬಾಗಿಲಿನ ಮಾತೇ ನೆನಪಾಯಿತು.

ಫೋನಿಡುವ ಮೊದಲು ಕೇಳಿದರು: "ಆ ಮಾನಿಟರ್ ಎಲ್ಲದಾನೋ? ಸಹಿ ಯಾರವು ಅಂತ ಅವಂಗ ಹೇಳಿಯೇನು?"

ಹೇಳಿರಲಿಲ್ಲ. ಗುರುವಂದನೆಯ ದಿನ ಪಂಕ್ತಿಯಲ್ಲಿ ಅವನ ಪಕ್ಕ ಕುಳಿತು ಹೇಳಿದೆ. 19ರಲ್ಲಿ 11 ನನ್ನ ಎಡಗೈಯವು. ಅವನು ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟು, ಮಾಸ್ತರ ಫೋಟೋದ ಕಡೆ ತಿರುಗಿ ಸುಮ್ಮನೆ ಕೂತ.