ಸಾಧು ಸ್ವಭಾವದ ಕುರಿಕಾಯುವ ನಾಯಿಯನ್ನು ದತ್ತು ತರುವವರಿಗೆ

ಬಾರ್ಡರ್ ಕೋಲಿ, ರಫ್ ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ತರಹದ, ಹಿಂಡು ಕಾಯಲೆಂದೇ ಬೆಳೆಸಿದ ತಳಿಯ ಬೆಳೆದ ನಾಯಿಯೊಂದು ರೆಸ್ಕ್ಯೂನಲ್ಲಿದೆ (ದಿಕ್ಕಿಲ್ಲದ ನಾಯಿಗಳನ್ನು ಸಲಹಿ ದತ್ತು ಕೊಡುವ ಕೇಂದ್ರ), ಸ್ವಭಾವ ಸಾಧು ಎಂದರೆ ಖಂಡಿತ ಹೋಗಿ ನೋಡಿ. ಮರಿಯಾದರೆ ಮುಂದೆ ಹೇಗಾಗುತ್ತದೋ ಎಂದು ಊಹಿಸಬೇಕು. ನಾಲ್ಕು ವರ್ಷದ ನಾಯಿಯ ಗಾತ್ರ, ಚುರುಕು, ಗುಣ ಎಲ್ಲ ಕಣ್ಣೆದುರೇ ಇರುತ್ತದೆ. ಆದರೆ ‘ಸಾಧು’ ಎನ್ನುವ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಬೇಡಿ. ಸಮಾಧಾನದ ನಾಯಿಯೂ ಸುಮ್ಮನಿರುತ್ತದೆ, ಹೆದರಿ ಮರಗಟ್ಟಿದ ನಾಯಿಯೂ ಸುಮ್ಮನಿರುತ್ತದೆ.

ವ್ಯತ್ಯಾಸ ತಿಳಿಯಲು ಹೀಗೆ ಮಾಡಿ. ನಾಯಿಯ ಎದುರು ನಿಲ್ಲದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ. ಕರೆಯಬೇಡಿ, ಕೈ ಚಾಚಬೇಡಿ. ಅದಾಗಿಯೇ ಬಂದು ಮೂಸಿದರೆ ಎದೆಯ ಹತ್ತಿರ ಮೂರು ಸೆಕೆಂಡ್ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕೆಂದು ಒರಗಿದರೆ, ಮೈ ಸಡಿಲವಾಗಿದ್ದರೆ, ಬಾಯಿ ಅರೆ ತೆರೆದಿದ್ದರೆ ಅದು ನಿಜಕ್ಕೂ ಸಮಾಧಾನದ ನಾಯಿ. ತುಟಿ ನೆಕ್ಕುತ್ತಾ, ನಿದ್ದೆ ಬಾರದೆಯೂ ಆಕಳಿಸುತ್ತಾ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುತ್ತಾ, ತಿಂಡಿ ಕೊಟ್ಟರೂ ಮುಟ್ಟದೆ ನಿಂತಿದ್ದರೆ ಅದು ಸಹಿಸಿಕೊಳ್ಳುತ್ತಿದೆ ಅಷ್ಟೆ. ಅಂಥ ನಾಯಿಯನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಆದರೆ ಅದು ಅರಳಲು ತಿಂಗಳುಗಳೇ ಬೇಕು, ಮಕ್ಕಳ ಗದ್ದಲವಿರುವ ಮನೆ ಅದಕ್ಕೆ ಹೊಂದುವುದು ಕಷ್ಟ.

ಈ ತಳಿಗಳ ವಿಷಯದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಓಡುವುದನ್ನು ಕಂಡರೆ ಏನು ಮಾಡುತ್ತದೆ ಎನ್ನುವುದು. ರೆಸ್ಕ್ಯೂನವರ ಜೊತೆ ಅದನ್ನು ರಸ್ತೆಯಿಂದ ಸಾಕಷ್ಟು ದೂರದಲ್ಲಿ ನಡೆಸಿ. ಸೈಕಲ್ ಹೋದಾಗ ತಲೆ ತಗ್ಗಿಸಿ, ಮೈ ನೆಲಕ್ಕೆ ತಂದು, ಕಣ್ಣು ನೆಟ್ಟರೆ ಅದು ಹುಟ್ಟುಗುಣ, ತಪ್ಪೇನಿಲ್ಲ. ಹೆಸರು ಕರೆದಾಗ ಆ ನೋಟ ಮುರಿದು ನಿಮ್ಮತ್ತ ತಿರುಗುತ್ತದೆಯೇ ಎಂಬುದು ಮುಖ್ಯ. ತಿರುಗಿದರೆ ಕಲಿಸುವುದು ಸುಲಭ. ತಿಂಡಿ ಮೂಗಿನ ಮುಂದೆ ಹಿಡಿದರೂ ಅಲುಗದಿದ್ದರೆ, ವಾಹನ ದಟ್ಟಣೆಯ ಜಾಗದಲ್ಲಿ ಅದನ್ನು ಸಾಕುವುದು ತ್ರಾಸ. ಕಚ್ಚಿದ್ದುಂಟೇ, ಬೆಕ್ಕಿನ ಜೊತೆ ಹೇಗೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನೂ ಕೇಳಿ. ದತ್ತು ಹೋಗುವವರೆಗೆ ಫಾಸ್ಟರ್ ಮನೆಯಲ್ಲಿ, ಅಂದರೆ ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿದ್ದ ನಾಯಿಯಾದರೆ ಆ ಮನೆಯವರನ್ನೇ ಕೇಳುವುದು ಒಳ್ಳೆಯದು, ಬೋನಿನಲ್ಲಿ ಕಾಣದ್ದೆಲ್ಲ ಅವರಿಗೆ ಗೊತ್ತಿರುತ್ತದೆ.

ಮನೆಗೆ ತಂದ ಮೊದಲ ಎರಡು ವಾರ ದೊಡ್ಡ ಅಪಾಯ ತಪ್ಪಿಸಿಕೊಂಡು ಓಡಿಹೋಗುವುದು. ಕೋಲಿಗಳ ತಲೆ ಕಿರಿದು, ಕತ್ತಿನ ಕೂದಲು ದಟ್ಟ. ಹಾಗಾಗಿ ನಾಯಿ ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟ್ ಕಿವಿ ದಾಟಿ ಜಾರಿಬಿಡುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ಒಂದು, ಪಕ್ಕೆಲುಬಿನ ಹಿಂದೆ ಮೂರನೇ ಪಟ್ಟಿ ಇರುವ, ಮೈಗೆ ತೊಡಿಸುವ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಲೀಶ್ (ಹಿಡಿಯುವ ಹಗ್ಗ) ಇರಲಿ. ಬೀದಿ ಬಾಗಿಲಿಗೂ ನಾಯಿಗೂ ನಡುವೆ ಇನ್ನೊಂದು ಗೇಟ್ ಇದ್ದರೆ ಒಳ್ಳೆಯದು. ಒಂದು ವೇಳೆ ಓಡಿಹೋದರೆ ಬೆನ್ನಟ್ಟಬೇಡಿ. ಒತ್ತಡದಿಂದ ದೂರ ಸರಿಯುವುದು ಹೆದರಿದ ನಾಯಿಯ ಸಹಜ ಗುಣ, ನೀವು ಹತ್ತಿರ ಬಂದಷ್ಟೂ ಅದು ಮುಂದೆ ಹೋಗುತ್ತದೆ. ಕಂಡರೆ ಪಕ್ಕಕ್ಕೆ ತಿರುಗಿ ಕುಕ್ಕರಿಸಿ ಕೂತು, ತಿಂಡಿಯನ್ನು ನೆಲಕ್ಕೆ ಉದುರಿಸಿ. ಕೊನೆಗೆ ಕಂಡ ಜಾಗದಲ್ಲಿ ಅದು ಮಲಗುತ್ತಿದ್ದ ಹಾಸಿಗೆಯನ್ನು ಇಡಿ.

ಆಹಾರ ಬದಲಿಸಲು ಅವಸರ ಬೇಡ. ರೆಸ್ಕ್ಯೂನಲ್ಲಿ ತಿನ್ನುತ್ತಿದ್ದುದನ್ನೇ ಒಂದು ವಾರ ಕೊಟ್ಟು, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗದಂತೆ ಹೊಸದನ್ನು ಹೆಚ್ಚಿಸುತ್ತಾ ಹೋಗಿ. ಇಷ್ಟಾದರೂ ಜಾಗ ಬದಲಾದ ದಿಗಿಲಿಗೆ ಹೊಟ್ಟೆ ಕೆಡಬಹುದು. ಆಗ ಮನುಷ್ಯರ ಭೇದಿ ಮಾತ್ರೆ ಲೋಪೆರಮೈಡ್ ಕೊಡುವ ಯೋಚನೆಯನ್ನೂ ಮಾಡಬೇಡಿ.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಮಿದುಳಿಗೆ ನುಗ್ಗುವ, ಲೋಪೆರಮೈಡ್‌ನಂಥ ಕೆಲವು ಔಷಧಗಳನ್ನು ವಾಪಸ್ ಹೊರಹಾಕುವ ಪ್ರೋಟೀನ್ ಪಂಪ್ ಒಂದಿದೆ. ಅದನ್ನು ತಯಾರಿಸುವ ಎಂಡಿಆರ್1 ಜೀನ್ ಹಲವು ಕುರಿಕಾಯುವ ತಳಿಗಳಲ್ಲಿ ದೋಷಪೂರಿತವಾಗಿರುತ್ತದೆ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2001ರಲ್ಲಿ ಇದನ್ನು ಗುರುತಿಸಿದರು. ರಫ್ ಕೋಲಿಗಳಲ್ಲಿ ಸುಮಾರು 70%, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಈ ದೋಷದ ಒಂದಾದರೂ ಪ್ರತಿ ಇರುತ್ತದೆ. ಬಾರ್ಡರ್ ಕೋಲಿಯಲ್ಲಿ ಅಪರೂಪ. ಮಿಶ್ರ ತಳಿಗೂ ಬಂದಿರಬಹುದು. ಹುಳು, ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಇಲ್ಲಿ ಮುಖ್ಯ ಅಪಾಯ. ಹೃದಯದ ಹುಳು ತಡೆಯಲು ತಿಂಗಳಿಗೊಮ್ಮೆ ಕೊಡುವ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ, ಅದರಿಂದ ಈ ನಾಯಿಗಳಿಗೂ ತೊಂದರೆಯಿಲ್ಲ. ಕಜ್ಜಿಗೆ ಕೊಡುವ ಪ್ರಮಾಣ 300 ಮೈಕ್ರೋಗ್ರಾಂ ಮೇಲಕ್ಕೆ ಹೋಗುತ್ತದೆ, ಅದು ಪ್ರಾಣಕ್ಕೇ ಕುತ್ತು. ತೂರಾಡುವುದು, ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಹಿಗ್ಗುವುದು, ನಡುಕ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆಪರೇಷನ್‌ಗೆ ಮುಂಚೆ ಮಂಪರಿಗೆಂದು ಕೊಡುವ ಏಸ್‌ಪ್ರೊಮಜಿನ್, ಬ್ಯುಟೊರ್ಫೆನಾಲ್‌ಗಳ ಪ್ರಮಾಣವನ್ನೂ ವೈದ್ಯರು ತಗ್ಗಿಸಬೇಕಾಗುತ್ತದೆ. ಕೆನ್ನೆಯ ಒಳಭಾಗ ಒರೆಸಿ ತೆಗೆದ ಮಾದರಿಯಿಂದಲೇ ಪರೀಕ್ಷೆ ಆಗುತ್ತದೆ, ಜೀವಮಾನಕ್ಕೆ ಒಮ್ಮೆ ಸಾಕು. ಫಲಿತಾಂಶ ಬರುವವರೆಗೆ ದೋಷ ಇದೆ ಎಂದುಕೊಂಡೇ ನಡೆಯಿರಿ.

ವ್ಯಾಯಾಮದ ಬಗ್ಗೆ ಕೇಳಿಬರುವ ಸಲಹೆಗಳಲ್ಲಿ ಬಹುಪಾಲು ನಾಯಿಯನ್ನು ದಣಿಸಿ ಎನ್ನುತ್ತವೆ. ಇದನ್ನು ನಾವು ಒಪ್ಪುವುದಿಲ್ಲ. ಗಂಟೆಗಟ್ಟಲೆ ಚೆಂಡು ಎಸೆದರೆ ನಾಯಿ ಇನ್ನಷ್ಟು ಗಟ್ಟಿಮುಟ್ಟಾಗುತ್ತದೆ, ಇನ್ನಷ್ಟು ಚಡಪಡಿಸುತ್ತದೆ, ತಣಿಯುವುದಿಲ್ಲ. ಎರಡು ಹೊತ್ತು ಸೇರಿ ಒಂದೂವರೆ ಗಂಟೆ ಮೂಸಿಕೊಂಡು ಅಡ್ಡಾಡಲಿ, ಹತ್ತು ನಿಮಿಷ ಏನಾದರೂ ಕಲಿಸಿ, ಒಂದು ಹೊತ್ತಿನ ಊಟವನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸಿ. ಉಳಿದ ಹೊತ್ತು ಮಲಗಲಿ. ಲೇಸರ್ ದೀಪ ಆಡಿಸುವುದಂತೂ ಬೇಡವೇ ಬೇಡ. ಈ ತಳಿಗಳು ಬೆಳಕು, ನೆರಳುಗಳ ಹಿಂದೆ ಬಿದ್ದರೆ ಆ ಗೀಳು ಬಿಡಿಸುವುದು ತುಂಬಾ ಕಷ್ಟ.

ಮೊದಲ ಕೆಲವು ವಾರ ಮಾತೇ ಆಡದಂತಿದ್ದ ನಾಯಿ ಆಮೇಲೆ ಬೊಗಳಲು, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕಲು ಶುರು ಮಾಡಿದರೆ ಕೆಟ್ಟುಹೋಯಿತು ಎಂದುಕೊಳ್ಳಬೇಡಿ, ಅದಕ್ಕೀಗ ಮನೆ ಒಗ್ಗಿದೆ. ಬೈದರೆ ಸಾಧು ನಾಯಿ ಕುಗ್ಗಿಹೋಗುತ್ತದೆ, ಚಾಳಿ ಹೋಗುವುದಿಲ್ಲ. ಮಕ್ಕಳಿಗೆ ಓಡದೆ ಅಲ್ಲೇ ನಿಲ್ಲಲು ಹೇಳಿ, ಆಟದ ಹೊತ್ತಲ್ಲಿ ನಾಯಿಯನ್ನು ಗೇಟಿನಾಚೆ ಇಡಿ, ಅವರು ಓಡುವಾಗ ಚಾಪೆಯ ಮೇಲೆ ಮಲಗಿದ್ದರೆ ತಿಂಡಿ ಸಿಗುತ್ತದೆ ಎಂದು ಕಲಿಸಿ. ವಾಹನ ಕಂಡರೆ ನೆಗೆಯುವ ನಾಯಿಯಾದರೆ, ಅದು ನೋಡಿಯೂ ತಿನ್ನಬಲ್ಲಷ್ಟು ದೂರದಿಂದ ಶುರು ಮಾಡಿ. ಪ್ರತಿ ವಾಹನಕ್ಕೂ ಒಂದು ತುಣುಕು ಮಾಂಸ ಕೊಡಿ. ತಿನ್ನುವುದನ್ನು ನಿಲ್ಲಿಸಿದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ರಸ್ತೆಯ ಬಳಿ ಲೀಶ್ ಬಿಚ್ಚಲೇಬೇಡಿ.

ಕೂದಲು ಎರಡು ಪದರ, ಸೆಖೆಯೆಂದು ಬೋಳಿಸಬೇಡಿ. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲ ತೊಡೆಯಲ್ಲಿ ಗಂಟು ಕಟ್ಟುತ್ತದೆ, ವಾರಕ್ಕೆರಡು ಸಲ ಅಲ್ಲಿ ಬಾಚಿದರೆ ಸಾಕು.

ಬಾಚುವಾಗ ಎಂದೂ ಬೇಡವೆನ್ನದ ನಾಯಿ ಸೊಂಟಕ್ಕೆ ಕೈ ತಾಗಿದಾಗ ಥಟ್ಟನೆ ತಿರುಗಿ ನೋಡಿದರೆ, ಮೆಟ್ಟಿಲ ಬಳಿ ಹಿಂಜರಿದರೆ, ಗುರ್ ಎಂದರೆ ನೋವಿದೆಯೇ ಎಂದು ಮೊದಲು ನೋಡಬೇಕು. ಸೊಂಟದ ಕೀಲು, ಹಲ್ಲು, ಕಿವಿ ಮೂರನ್ನೂ ಪರೀಕ್ಷೆ ಮಾಡಿಸಿ. ಮನೆಯಲ್ಲಿ ನಡೆಯುವುದನ್ನು, ಮಲಗಿದ್ದು ಏಳುವುದನ್ನು ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಹೆದರಿಕೆಗೆ ಇಂಥ ನಾಯಿಗಳು ಕುಂಟುವುದನ್ನೇ ಬಿಟ್ಟುಬಿಡುತ್ತವೆ, ವೈದ್ಯರಿಗೆ ಏನೂ ಕಾಣುವುದಿಲ್ಲ.