ಯಾವ ಟೆಂಟ್ ತಗೊಳ್ಳಲಿ ಎಂದು ಕೇಳುವವರಿಗೆ

"ಅಕ್ಕಾ, ಟ್ರೆಕ್ಕಿಂಗ್ ಶುರು ಮಾಡಬೇಕು ಅಂತಿದೀನಿ. ಯಾವ ಟೆಂಟ್ ತಗೊಳ್ಳಲಿ?"

ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆಮನೆಯಲ್ಲಿ, ಲಾಲ್‌ಬಾಗಿನ ಬೆಳಗಿನ ವಾಕಿಂಗ್‌ನಲ್ಲಿ, ಎಲ್ಲ ಕಡೆಯೂ ಇದೇ ಪ್ರಶ್ನೆ. ಕೇಳುವವರ ಉತ್ಸಾಹ ನೋಡಿದರೆ ಖುಷಿಯಾಗುತ್ತದೆ. ಆದರೂ ನಾನು ಕೊಡುವ ಉತ್ತರ ಒಂದೇ: ಟೆಂಟ್ ತಗೋಬೇಡಿ. ಮೊದಲ ವರ್ಷವಂತೂ ಬೇಡವೇ ಬೇಡ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಬಸವನಗುಡಿ ಕಡೆ ನಮ್ಮದೊಂದು ಚಾರಣದ ಬಳಗವಿದೆ. ಬಳಗದ ಸಾಮಾನೆಲ್ಲ ಇರುವುದು ನಮ್ಮ ಮನೆಯ ಮಹಡಿ ಕೋಣೆಯಲ್ಲಿ. ಯಾರು ಏನು ಒಯ್ದರು, ಯಾವ ಸ್ಥಿತಿಯಲ್ಲಿ ವಾಪಸು ತಂದರು, ಯಾವುದು ಚೀಲದಿಂದ ಹೊರಗೇ ಬರಲಿಲ್ಲ ಎಂದೆಲ್ಲ ಬರೆದಿಡುವವಳು ನಾನೇ. ದುಡ್ಡು ಕೊಟ್ಟು ಕೊಂಡು, ಬಳಸದೆ, ಕೊನೆಗೆ "ಬಳಗಕ್ಕೆ ಇರಲಿ" ಎಂದು ಜನ ತಂದುಕೊಟ್ಟ ವಸ್ತುಗಳಿಗೆ ಅಲ್ಲಿ ಬೇರೆಯೇ ಒಂದು ಕಪಾಟಿದೆ. ಅದರಲ್ಲಿ ಕೆಟ್ಟ ಮಾಲು ಕಡಿಮೆ. ಹೆಚ್ಚಿನವು ಒಳ್ಳೆಯ ವಸ್ತುಗಳೇ. ನಮ್ಮ ಬೆಟ್ಟಕ್ಕೆ, ನಮ್ಮ ಹವೆಗೆ, ಶನಿವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗುವ ನಮ್ಮ ಬದುಕಿಗೆ ಹೊಂದದವು, ಅಷ್ಟೇ.

ಟೆಂಟ್‌ನಿಂದಲೇ ಶುರು ಮಾಡುತ್ತೇನೆ. ಅದನ್ನು ಎಲ್ಲಿ ಹಾಕುತ್ತೀರಿ? ಕುದುರೆಮುಖ ರಾಷ್ಟ್ರೀಯ ಉದ್ಯಾನ, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಕುಮಾರ ಪರ್ವತದ ತುದಿಯಲ್ಲಿ ರಾತ್ರಿ ಕಳೆಯಲು ಅರಣ್ಯ ಇಲಾಖೆ ಬಿಡುವುದಿಲ್ಲ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ಸಾವಿರಾರು ಜನ ಒಟ್ಟಿಗೆ ಹತ್ತಿ, ಕಾಲಿಡಲು ಜಾಗವಿಲ್ಲದಂತಾದ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಇದು ಬರಬೇಕಾದದ್ದೇ. ಬೆಂಗಳೂರಿನ ಸುತ್ತ ಇರುವ ನಂದಿ, ಸ್ಕಂದಗಿರಿ, ಸಾವನದುರ್ಗಗಳಲ್ಲೂ ಮನಸ್ಸಿಗೆ ಬಂದಲ್ಲಿ ಟೆಂಟ್ ಹಾಕಿ ಮಲಗುವ ಹಾಗಿಲ್ಲ. ಉಳಿದದ್ದು ಹೋಂಸ್ಟೇ ಅಂಗಳ, ಗೆಳೆಯರ ತೋಟ ಮತ್ತು ದುಡ್ಡು ಕೊಟ್ಟು ತಂಗುವ ಕ್ಯಾಂಪ್‌ಗಳು. ಅಂಥ ಕ್ಯಾಂಪ್‌ಗಳಲ್ಲಿ ಟೆಂಟ್ ಅವರೇ ಕೊಡುತ್ತಾರೆ.

ಗೆಳೆಯರ ತೋಟವೇ ನಿಮ್ಮ ಖಾಯಂ ಜಾಗ ಎನ್ನುವುದಾದರೆ ಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಇಬ್ಬರ ಟೆಂಟ್ ಎಂದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗುವ ಜಾಗ ಎಂದರ್ಥ, ಚೀಲಗಳಿಗೆ ಒಳಗೆ ಎಡೆಯಿಲ್ಲ. ಇಬ್ಬರಿಗೆ ಮೂವರ ಟೆಂಟ್ ಸರಿ. ಎರಡು ಪದರದ್ದೇ ಇರಲಿ. ಮಲೆನಾಡಿನ ತೇವಕ್ಕೆ ಒಂದೇ ಪದರದ ಟೆಂಟ್‌ನೊಳಗೆ ನಮ್ಮ ಉಸಿರೇ ಹನಿಗಟ್ಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಎರಡನೆಯದು ಸ್ಲೀಪಿಂಗ್ ಬ್ಯಾಗ್. ನಮ್ಮ ಕಪಾಟಿನಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವುದು ಇದೇ. "ಮೈನಸ್ 10" ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿ ಜನ ಧೈರ್ಯವಾಗಿ ದುಡ್ಡು ಕೊಡುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಸುಮಾರು 1930 ಮೀಟರ್. ಅಲ್ಲಿ ಗಾಳಿ ಕೊರೆಯುತ್ತದೆ ನಿಜ, ಆದರೆ ಮೈನಸ್ 10ರ ಚೀಲದೊಳಗೆ ನಮ್ಮ ಕಡೆ ಮಲಗಿದವರು ಬೆವತು, ಜಿಪ್ಪು ಬಿಚ್ಚಿ, ಕಾಲು ಹೊರಗೆ ಹಾಕಿಯೇ ರಾತ್ರಿ ಕಳೆಯುತ್ತಾರೆ.

ಹಿಮಾಲಯಕ್ಕೆ ಬೇಕಲ್ಲ ಎನ್ನಬಹುದು. ಹಿಮಾಲಯಕ್ಕೆ ಕರೆದೊಯ್ಯುವವರು ಸಾಮಾನ್ಯವಾಗಿ ಮಲಗುವ ಚೀಲವನ್ನು ತಾವೇ ಕೊಡುತ್ತಾರೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಚಾರಣಗಳಲ್ಲಿ ಬೆನ್ನುಚೀಲವೂ ಬೇಸ್ ಕ್ಯಾಂಪಿನಲ್ಲೇ ಸಿಗುತ್ತದೆ. ಮುಂದೆ ಎಂದಾದರೂ ಸ್ವಂತದ್ದು ಕೊಳ್ಳುವಾಗ ಒಳಗಿನ ಲೇಬಲ್ ಹುಡುಕಿ ಓದಿ. ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ ಪರೀಕ್ಷೆಯಾದ ಚೀಲದ ಮೇಲೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳಿರುತ್ತವೆ. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಲೆಕ್ಕವಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕ. ನಿಮಗೆ ಬೇಕಾದದ್ದು ಆರಾಮವಾಗಿ ನಿದ್ದೆ ಬರುವ ತಾಪಮಾನ ಹೇಳುವ ಕಂಫರ್ಟ್ ಅಂಕಿ. ಅಂಗಡಿಯ ಫಲಕದಲ್ಲಿ ಕಾಣಿಸುವ ಅಂಕಿ ಯಾವುದು ಎಂದು ಕೇಳಿಯೇ ದುಡ್ಡು ಕೊಡಿ.

ನಮ್ಮ ಬಳಗದಲ್ಲಿ ಎಲ್ಲರೂ ಜಗಳವಾಡಿ ಒಯ್ಯುವುದು ಹಳೇ ಕಾಟನ್ ಸೀರೆಯನ್ನು ಉದ್ದಕ್ಕೆ ಮಡಚಿ ಎರಡು ಕಡೆ ಹೊಲಿಸಿದ ಚೀಲವನ್ನು. ಹೋಂಸ್ಟೇ ಹಾಸಿಗೆಯ ಮೇಲೂ ಆಗುತ್ತದೆ, ಬಾಡಿಗೆ ಸ್ಲೀಪಿಂಗ್ ಬ್ಯಾಗ್‌ನ ಒಳಗೂ ಆಗುತ್ತದೆ, ಬಂದಮೇಲೆ ಬಕೆಟ್ಟಿನಲ್ಲಿ ಒಗೆದು ಹಾಕಬಹುದು.

ಮಳೆ ಜಾಕೆಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರ ಮೇಲೆ ಹೋಗುವ ದುಡ್ಡು ದೊಡ್ಡದು. ನೀರು ಒಳಗೆ ಬಿಡದೆ ಬೆವರಿನ ಆವಿಯನ್ನು ಮಾತ್ರ ಹೊರಗೆ ಬಿಡುವ ಗೋರ್‌ಟೆಕ್ಸ್‌ನಂಥ ಪದರದ ಮೂಲ 1969ರ ಅಮೆರಿಕದ ಸಂಶೋಧನೆಯಲ್ಲಿದೆ. ಅದು ಕೆಲಸ ಮಾಡುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡದ ವ್ಯತ್ಯಾಸದಿಂದ. ಹೊರಗೆ ಚಳಿ, ಒಣ ಹವೆ, ಒಳಗೆ ಬಿಸಿ ಮೈ ಇದ್ದರೆ ಆವಿ ತಾನಾಗಿ ಹೊರಗೆ ನುಗ್ಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಜುಲೈ ತಿಂಗಳ ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ, ಚಳಿಯೂ ಅಷ್ಟಿಲ್ಲ. ಆವಿ ಹೋಗುವುದೆಲ್ಲಿಗೆ? ಒಂದು ಗಂಟೆ ಏರು ಹತ್ತಿದ ಮೇಲೆ ಜಾಕೆಟ್ ಬಿಚ್ಚಿಸಿ ನೋಡಿ: ಹೊರಗೆ ಮಳೆ ಹನಿ ಮಣಿಗಟ್ಟಿ ಜಾರುತ್ತಿರುತ್ತದೆ, ಒಳಗಿನ ಅಂಗಿ ಹಿಂಡಿದರೆ ನೀರು.

ಮಲೆನಾಡಿನವರು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದಾರೆ. ಗದ್ದೆಯಲ್ಲಿ ನಾಟಿ ಮಾಡುವವರ ಬೆನ್ನ ಮೇಲಿನ ಗೊರಬು, ಕಂಬಳಿಕೊಪ್ಪೆ ಇವುಗಳನ್ನು ಗಮನಿಸಿ. ಮೇಲಿನಿಂದ ನೀರು ತಡೆಯುತ್ತವೆ, ಕೆಳಗಿನಿಂದ ಗಾಳಿ ಆಡಲು ಬಿಡುತ್ತವೆ, ಕೈಗಳನ್ನು ಕಟ್ಟಿಹಾಕುವುದಿಲ್ಲ. ಚಿಕ್ಕಪೇಟೆಯಲ್ಲಿ ಸಿಗುವ, ತಲೆಯ ಮೇಲಿಂದ ಇಳಿಬಿಡುವ ಮಳೆಹೊದಿಕೆ ಪಾಂಚೊ ಮಾಡುವುದೂ ಇದನ್ನೇ, ಬೆನ್ನುಚೀಲದ ಮೇಲಿಂದಲೂ ಹಾಕಿಕೊಳ್ಳಬಹುದು. ಅದಕ್ಕೊಂದು ತೊಂದರೆಯಿದೆ. ಕುಮಾರ ಪರ್ವತದ ದಾರಿಯ ಶೇಷಪರ್ವತದಂಥ ಬಯಲು ಏಣಿನ ಮೇಲೆ ಗಾಳಿಗೆ ಅದು ಪಟಪಟ ಹಾರಿ ಮುಖಕ್ಕೆ ಬಡಿಯುತ್ತದೆ. ಸೊಂಟಕ್ಕೊಂದು ಹಗ್ಗ ಬಿಗಿದರೆ ನಿಲ್ಲುತ್ತದೆ. ಕಾಡಿನೊಳಗಿನ ದಾರಿಯಲ್ಲಿ ಕೊಡೆಯೂ ಒಳ್ಳೆಯದೇ. ಇನ್ನು, ಚೀಲಕ್ಕೆ ಹೊರಗಿನ ರೇನ್‌ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಸುತ್ತಿಬಿಡಿ.

ಈಗ ಶೂ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಜನ ಅತಿ ಹೆಚ್ಚು ಕೊರಗುವುದೂ ಇದರ ಬಗ್ಗೆಯೇ.

ಪಾದದ ಗಂಟು ಮುಚ್ಚುವ ಭಾರದ ವಾಟರ್‌ಪ್ರೂಫ್ ಬೂಟು ನಮ್ಮ ಮಳೆಗಾಲಕ್ಕೆ ತಕ್ಕದ್ದಲ್ಲ. ಹಳ್ಳ ದಾಟುವಾಗ ನೀರು ಮೇಲಿನಿಂದಲೇ ಒಳಗೆ ಬರುತ್ತದೆ, ಬಂದ ನೀರನ್ನು ಆ ವಾಟರ್‌ಪ್ರೂಫ್ ಪದರವೇ ಹೊರಗೆ ಹೋಗಲು ಬಿಡುವುದಿಲ್ಲ. ದಿನವಿಡೀ ನೆನೆದ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಇಳಿಯುವಾಗ ಸುಲಿಯುತ್ತದೆ. ನೀರು ಬಂದಷ್ಟೇ ಬೇಗ ಹೋಗುವ ಜಾಲರಿ ಬಟ್ಟೆಯ ಹಗುರ ಶೂ, ಒಂದು ಜೊತೆ ಒಣ ಕಾಲುಚೀಲ, ಇಷ್ಟಿದ್ದರೆ ಸಾಕು. ಕೊಳ್ಳಲು ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ತೊಟ್ಟು, ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಬೆರಳು ಮುಂದೆ ತಾಗಿದರೆ ಆ ಶೂ ಬೇಡ, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. 1712 ಮೀಟರ್ ಎತ್ತರದ ಕುಮಾರ ಪರ್ವತದಿಂದ ಕುಕ್ಕೆಗೆ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಶೂ ಬಳಸದೆ ಇಟ್ಟರೂ ಹಾಳಾಗುತ್ತದೆ. ಒಮ್ಮೆ ಕುಮಾರ ಪರ್ವತದ ದಾರಿಯಲ್ಲಿರುವ ಭಟ್ಟರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಒಬ್ಬ ಹುಡುಗ ಕುಂಟುತ್ತ ಬಂದ. ಕಾಲಲ್ಲಿ ದುಬಾರಿ ಬೂಟು. ಮೇಲಿನ ಚರ್ಮ ಫಳಫಳ ಹೊಳೆಯುತ್ತಿತ್ತು, ಬಲಗಾಲಿನ ಅಡಿ ಮಾತ್ರ ಹಿಮ್ಮಡಿಯಿಂದ ಬಿಟ್ಟುಕೊಂಡು ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಹೊಡೆಯುತ್ತಿತ್ತು. ಕೈಗೆ ತೆಗೆದುಕೊಂಡು ನೋಡಿದೆ. ನಡುವಿನ ಮೆತ್ತನೆ ಪದರ ಬೆರಳು ಒತ್ತಿದಲ್ಲೆಲ್ಲ ಹಳೇ ಮೈಸೂರು ಪಾಕಿನ ಹಾಗೆ ಪುಡಿಪುಡಿ ಉದುರಿತು. "ಹೊಸದು ಮೇಡಂ, ಎರಡೇ ಸಲ ಹಾಕಿರೋದು, ನಾಲ್ಕು ವರ್ಷ ಡಬ್ಬಿಯಲ್ಲೇ ಇತ್ತು" ಎಂದ. ಆ ಡಬ್ಬಿಯೇ ಕಾರಣ. ಇಂಥ ಬೂಟುಗಳ ನಡು ಪದರ ಪಾಲಿಯುರೆಥೇನ್‌ನದು. ಅದು ಗಾಳಿಯ ತೇವದ ಜೊತೆ ನಿಧಾನವಾಗಿ ರಾಸಾಯನಿಕ ಕ್ರಿಯೆ ನಡೆಸಿ ಒಳಗಿನಿಂದಲೇ ಮುರಿಯುತ್ತ ಹೋಗುತ್ತದೆ. ಮುಚ್ಚಿದ, ಬೆಚ್ಚಗಿನ, ತೇವದ ಜಾಗದಲ್ಲಿ ಇನ್ನೂ ಬೇಗ. ಹಗುರ ಶೂಗಳಲ್ಲಿರುವ ಇವಿಎ ಎಂಬ ಪದರಕ್ಕೆ ಈ ಕಾಟವಿಲ್ಲ. ನಾನು ಊರುಗೋಲಿಗೆ ಸುತ್ತಿಟ್ಟಿದ್ದ ದಪ್ಪ ಬಟ್ಟೆ ಟೇಪನ್ನು ಬಿಚ್ಚಿ, ಬೂಟಿನ ಮುಂದೆ, ನಡುವೆ, ಹಿಂದೆ ಬಿಗಿಯಾಗಿ ಸುತ್ತಿ, ಮೇಲೆ ಲೇಸಿನ ಒಂದು ಎಳೆ ಕಟ್ಟಿಕೊಟ್ಟೆ. ಕುಕ್ಕೆಯವರೆಗೆ ತಡೆಯಿತು. ಮುಂದಿನ ವರ್ಷ ಹೋಗೋಣ ಎಂದು ಈ ವರ್ಷ ಬೂಟು ಕೊಳ್ಳುವವರಿಗೆ ನಾನು ಪ್ರತಿ ಸಲ ಈ ಹುಡುಗನ ಕಥೆ ಹೇಳುತ್ತೇನೆ.

ಸೋಲಾರ್ ಪವರ್ ಬ್ಯಾಂಕ್ ಬೇಡ. ಲೆಕ್ಕ ಹಾಕಿ: 10,000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 37 ವ್ಯಾಟ್-ಅವರ್. ಬೆನ್ನಿಗಂಟಿಸಿದ ಅಂಗೈಯಗಲದ ಫಲಕ ನೆತ್ತಿಯ ಬಿಸಿಲಲ್ಲಿ ಒಂದೂವರೆ ವ್ಯಾಟ್ ಕೊಟ್ಟರೆ ಅದೇ ಹೆಚ್ಚು. ನಷ್ಟ ಹಿಡಿಯದೆಯೇ 24 ಗಂಟೆಗೂ ಮೀರಿದ ಸುಡುಬಿಸಿಲು ಬೇಕು, ನಾವು ನಡೆಯುವುದೋ ಮರದ ನೆರಳಲ್ಲಿ. ಬಿಸಿಲಿಗಿಟ್ಟರೆ ಬ್ಯಾಟರಿಯೂ ಕಾದು ಕೆಡುತ್ತದೆ. ಸಾದಾ ಪವರ್ ಬ್ಯಾಂಕನ್ನು ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡಿ.

ಗ್ಯಾಸ್ ಸ್ಟೌ, ದೊಡ್ಡ ಚಾಕು, ಬೆಂಕಿ ಹೊತ್ತಿಸುವ ಕಡ್ಡಿ ಇವೂ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಫೆಬ್ರವರಿಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲೂ ಒಯ್ಯುವಂತಿಲ್ಲ, ರೈಲಿನಲ್ಲೂ ಒಯ್ಯುವಂತಿಲ್ಲ. ನೀರು ಸೋಸುವ ಸ್ಟ್ರಾ ಬ್ಯಾಕ್ಟೀರಿಯಾ ತಡೆಯುತ್ತದೆ, ಆದರೆ ಕಾಫಿ ತೋಟದಿಂದ ಹರಿದು ಬರುವ ಹಳ್ಳದಲ್ಲಿ ಕರಗಿದ ಕೀಟನಾಶಕ ಔಷಧಿಯನ್ನು ತಡೆಯುವುದಿಲ್ಲ. ಮನೆಯಿಂದಲೇ ಎರಡು ಮೂರು ಲೀಟರ್ ಹೊತ್ತು ಹೋಗುವುದು ಕ್ಷೇಮ. 60 ಲೀಟರಿನ ಬೆನ್ನುಚೀಲವೂ ಬೇಡ. ಒಂದು ದಿನದ ಚಾರಣಕ್ಕೆ 25 ಲೀಟರ್ ಧಾರಾಳ.

ಹಾಗಾದರೆ ಕೊಳ್ಳುವುದೇನು? ಹೊಂದುವ ಶೂ. ಹಣೆಗೆ ಕಟ್ಟುವ ಟಾರ್ಚು, ಕೈಯಲ್ಲಿ ಹಿಡಿಯುವುದಲ್ಲ, ಇಳಿಯುವಾಗ ಎರಡೂ ಕೈ ಬೇಕು. ಇಂಬಳ (ಜಿಗಣೆ) ಒಳಗೆ ನುಗ್ಗದಂಥ ಒತ್ತು ನೇಯ್ಗೆಯ ಬಟ್ಟೆಯ ಉದ್ದ ಕಾಲುಚೀಲ, ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟುವಂಥದ್ದು. ಜೊತೆಗೆ ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡರೆ ಅಂಟಿದ ಇಂಬಳ ಮುಟ್ಟಿದ ಕೂಡಲೇ ಬಿಡುತ್ತದೆ. ಮಂಡಿ ನೋವಿರುವವರಿಗೆ ಊರುಗೋಲು. ಇಷ್ಟೇ. ಉಳಿದದ್ದೆಲ್ಲ ಬಾಡಿಗೆಗೆ ತನ್ನಿ, ಇಲ್ಲವೇ ಎರವಲು ಕೇಳಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಎರಡು ಮೂರು ಸಲ ಬಾಡಿಗೆ ಸಾಮಾನು ಹೊತ್ತ ಮೇಲೆ ನಿಮಗೇ ಗೊತ್ತಾಗುತ್ತದೆ, ಬೆನ್ನು ಯಾವುದನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂದು.

ಈಗಾಗಲೇ ಕೊಂಡು ಅಟ್ಟಕ್ಕೆ ಹಾಕಿದವರು ಈ ಭಾನುವಾರವೇ ಇಳಿಸಿ ನೋಡಿ. ಶೂವಿನ ನಡು ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಸಣ್ಣ ಬಿರುಕು ಕಂಡರೂ ಬೆಟ್ಟಕ್ಕೆ ಒಯ್ಯಬೇಡಿ. ಟೆಂಟ್ ಬಿಚ್ಚಿ ಮೂಸಿ ನೋಡಿ. ಹುಳಿ ವಾಸನೆ ಬಂದು ಬಟ್ಟೆ ಕೈಗೆ ಅಂಟಿದರೆ ಒಳಗಿನ ಲೇಪ ಕರಗಿದೆ, ಅದನ್ನು ಯಾರಿಗೂ ಮಾರಬೇಡಿ. ಚೆನ್ನಾಗಿದ್ದರೆ ನೆರಳಲ್ಲಿ ಆರಿಸಿ, ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ಇಡಿ. ಸ್ಲೀಪಿಂಗ್ ಬ್ಯಾಗನ್ನೂ ಒತ್ತಿ ಕಟ್ಟದೆ ಹ್ಯಾಂಗರಿಗೆ ತೂಗುಹಾಕಿ. ಮಾರುವುದಾದರೆ ಏಪ್ರಿಲ್‌ನಲ್ಲಿ ಮಾರಿ. ಬೇಸಿಗೆ ರಜೆಗೆ ಹಿಮಾಲಯಕ್ಕೆ ಹೊರಟವರು ಆಗಲೇ ಹುಡುಕುವುದು.